ಬೆನ್ನುಕಟ್ಟೆಗೆ ಆ ಹೆಸರು ಬಂದ ಬಗೆ

ತಿಪ್ಪರಾಜನಹಳ್ಳಿ ಈಗ ಪುರಸಭೆಯ ಒಂದು ವಾರ್ಡು. ಊರು ಪಕ್ಕದ ಪೇಟೆಗೆ ಸೇರಿತು ಎಂದು ಸರ್ಕಾರದ ಕಡೆಯವರು ಹೇಳುತ್ತಾರೆ. ಪೇಟೆಯೇ ಹೊಲ ಗದ್ದೆ ದಾಟಿ ಬಂದು ನಮಗೆ ಸೇರಿಕೊಂಡಿತು ಎಂಬುದು ಊರಿನವರ ಮಾತು, ಸರಿಯಾದ ಮಾತೂ ಅದೇ. ಮೂಡಣ ಬೀದಿಯವರದು ಕನ್ನಡ, ಪಡುವಣ ಬೀದಿಯವರದು ತೆಲುಗು. ಆದರೆ ಇಲ್ಲಿನ ಯಾವ ಮಗುವನ್ನು ಕೆಣಕಿದರೂ ಎರಡು ಭಾಷೆಯಲ್ಲೂ ಬೈಸಿಕೊಂಡು ಹೋಗಬಹುದು. ಪೇಟೆಯವರಿಗೆ ಒಂದರಲ್ಲೂ ನೆಟ್ಟಗೆ ಬೈಯಲು ಬರುವುದಿಲ್ಲ. ಈ ಊರಿನ ಕೆರೆ ಏರಿಯ ನಟ್ಟನಡುವಿನ ಜಾಗಕ್ಕೆ ಬೆನ್ನುಕಟ್ಟೆ ಎಂದು ಹೆಸರು. ಊರಿಗೆ ಬೆನ್ನೆಲುಬಾದ ಕೆರೆ, ಅದಕ್ಕೇ ಬೆನ್ನುಕಟ್ಟೆ ಎಂದು ಪುರಸಭೆ ಅಲ್ಲೊಂದು ಫಲಕ ನೆಟ್ಟಿದೆ. ಬರೆಸಿದವರು ನಮ್ಮೂರಿನ ಒಬ್ಬ ಮುದುಕನನ್ನಾದರೂ ಕೇಳಿದಂತೆ ಕಾಣುವುದಿಲ್ಲ.

ಹಿಂದೆ, ಪಾಳೆಯಗಾರರ ಕಾಲದಲ್ಲಿ, ಈ ಕೆರೆಗೆ ಇದ್ದದ್ದು ಒಂದೇ ತೂಬು. ಅದರಿಂದ ಹೊರಟ ನೀರು ಎರಡು ಕಾಲುವೆಯಾಗಿ ಎರಡು ಬೀದಿಯ ಗದ್ದೆಗಳಿಗೆ ಹರಿಯುತ್ತಿತ್ತು. ಆ ಬೀದಿಯವರು ಕದ್ದು ತೂಬು ಎತ್ತುತ್ತಾರೆಂದು ಈ ಬೀದಿಗೆ ಗುಮಾನಿ, ಈ ಬೀದಿಯ ಮೇಲೆ ಅವರಿಗೆ ಅದರ ಎರಡರಷ್ಟು. ಕಡೆಗೆ ಹಿರಿಯರು ಒಂದು ಕಟ್ಟಳೆ ಮಾಡಿದರಂತೆ. ಬೀದಿಗೊಬ್ಬ ಕಾವಲುಗಾರ, ತೂಬಿನ ಆಚೆಗೊಬ್ಬ, ಈಚೆಗೊಬ್ಬ, ಮುಖಕ್ಕೆ ಮುಖ ಕೊಟ್ಟು ಕೂರಬೇಕು. ತನ್ನವರಿಗೆ ಗುಟ್ಟಾಗಿ ಸನ್ನೆಯ ಮಾತು ಆಡದ ಹಾಗೆ, ಏರಿಯ ಮೇಲೆ ಕನ್ನಡದವನು ತೆಲುಗನ್ನೇ ಆಡಬೇಕು, ತೆಲುಗಿನವನು ಕನ್ನಡವನ್ನೇ ಆಡಬೇಕು. ತೂಬಿಗೆ ಬೆನ್ನು ಹಾಕಿದವನು ಸೋತಂತೆ. ಅವನ ಬೀದಿಗೆ ಆ ಬೇಸಿಗೆಯ ಮೊದಲ ನೀರು ಇಲ್ಲ. ಮೊದಲ ನೀರು ತಪ್ಪಿದ ಪೈರು ಕೈಗೆ ಬರುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು.

ಒಂದು ಮಾಘಮಾಸ, ಕೆರೆ ಕೋಡಿಮಟ್ಟಕ್ಕೆ ತುಂಬಿ ನಿಂತಿದ್ದಾಗ, ಮೂಡಣ ಬೀದಿಯ ಕಾವಲಿಗೆ ಮಾಳಿಗಯ್ಯ, ಪಡುವಣ ಬೀದಿಯ ಕಾವಲಿಗೆ ಗುರ್ರಪ್ಪ ಕೂತಿದ್ದರು. ಬಿಸಿಲೇರಿತ್ತು. ಗುರ್ರಪ್ಪನ ಹಿಂದೆ ಏರಿಯ ಇಳಿಜಾರಿನಲ್ಲಿ ಮಣ್ಣು ಒದ್ದೆಯಾಗಿದ್ದು ಮಾಳಿಗಯ್ಯನ ಕಣ್ಣಿಗೆ ಬಿತ್ತು. ನೋಡುತ್ತಿದ್ದಂತೆಯೇ ಹೆಗ್ಗಣದ ಬಿಲವೊಂದರಿಂದ ಕೆಸರುನೀರು ಉಕ್ಕತೊಡಗಿತು. ಅದರ ಕೆಳಗೇ ಪಡುವಣ ಬೀದಿ. ಮಾಳಿಗಯ್ಯ ಕಟ್ಟಳೆಯಂತೆ ತೆಲುಗಿನಲ್ಲೇ, “ಗುರ್ರಪ್ಪಾ, ವೆನಕ ಚೂಡು!” ಎಂದು ಅವನ ಹಿಂದಕ್ಕೆ ಬೆರಳು ಮಾಡಿದ.

ಗುರ್ರಪ್ಪ ಕದಲಲಿಲ್ಲ. “ಹಿಂದೆ ನೋಡ್ಬೇಕಾ? ನಾನು ಆ ಕಡೆ ತಿರುಗೋದು, ನೀನು ಈ ಕಡೆ ತೂಬು ಎತ್ತೋದು. ಹೋಗಯ್ಯ, ನನ್ನನ್ನ ಹೆತ್ತೋಳು ನಿನ್ನಂಥೋರ್ನ ಹತ್ತು ಜನಾನ ಕಂಡವಳೆ.”

ಮಾಳಿಗಯ್ಯನಿಗೆ ಸಿಟ್ಟು ಬರಲಿಲ್ಲ. ತಾನು ಆ ಜಾಗದಲ್ಲಿದ್ದರೂ ನಂಬುತ್ತಿರಲಿಲ್ಲವೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಎದ್ದು ಓಡಿದರೆ ತೂಬಿನ ಮೇಲೆ ಬಿದ್ದನೆಂದು ಗುರ್ರಪ್ಪ ದೊಣ್ಣೆ ಎತ್ತುತ್ತಾನೆ. ಕೂತಿದ್ದರೆ ಏರಿ ಒಡೆಯುತ್ತದೆ. ಮೂಡಣ ಬೀದಿಯ ಪೈರೆಲ್ಲ ಒಂದು ಸಲ ಅವನ ಕಣ್ಣ ಮುಂದೆ ಬಂತು, ಅವನ ಗದ್ದೆಯದೂ ಸೇರಿ. ಮಾಳಿಗಯ್ಯ ಕೂತಲ್ಲೇ ತಿರುಗಿ ತೂಬಿಗೆ ಬೆನ್ನು ಹಾಕಿದ. “ತಗೋ, ಸೋತೆ. ಈಗಾದ್ರೂ ನೋಡೋ ಮಾರಾಯ!” ಎಂದ. ತೆಲುಗು ಅವನಿಗೆ ಮರೆತೇ ಹೋಗಿತ್ತು. ಗುರ್ರಪ್ಪ ಆಗ ತಿರುಗಿದ. ತಿರುಗಿದವನು ಕೂಗಿದ ಕೂಗಿಗೆ ಎರಡು ಬೀದಿಯೂ ಹುಲ್ಲು, ಮಣ್ಣು, ಮನೆಯ ಬಾಗಿಲು ಹೊತ್ತುಕೊಂಡು ಬಂತು. ಸಂಜೆಯ ಹೊತ್ತಿಗೆ ಬಿಲ ಮುಚ್ಚಿತು, ಏರಿ ಉಳಿಯಿತು.

ಮರುದಿನ ಪಂಚಾಯಿತಿ. ಮೊದಲು ಬೆನ್ನು ಹಾಕಿದವನು ಯಾರು ಎಂದು ಹಿರಿಯರು ಕೇಳಿದರು. “ನಾನೇ” ಎಂದ ಮಾಳಿಗಯ್ಯ. ಗುರ್ರಪ್ಪ ಎದ್ದು ನಿಂತು, “ಸುಳ್ಳು, ಅವನಲ್ಲ, ನಾನು ಮೊದ್ಲು” ಎಂದ. ಸೋತೆನೆಂದು ಇಬ್ಬರೂ ಹಠಕ್ಕೆ ಬಿದ್ದದ್ದನ್ನು ಕಂಡು ಊರಿಗೆ ಊರೇ ಬೆಚ್ಚಿತಂತೆ. “ಇವರಿಬ್ರೂ ಒಳಗೊಳಗೇ ಏನೋ ಮಾಡ್ಕೊಂಡವ್ರೆ” ಎಂದಳು ಮಾಳಿಗಯ್ಯನ ಹೆಂಡತಿಯೇ. ಗುರ್ರಪ್ಪನ ಅಣ್ಣನೂ ತಲೆಯಾಡಿಸಿದ. ಹಳ್ಳಿಯ ಇತಿಹಾಸದಲ್ಲಿ ಎರಡು ಬೀದಿಗಳು ಒಂದೇ ಮಾತಿಗೆ ಒಪ್ಪಿದ್ದು ಅದೇ ಮೊದಲು ಎನ್ನುತ್ತಾರೆ. ಇಬ್ಬರೂ ಸೋತದ್ದರಿಂದ ಯಾರಿಗೂ ಮೊದಲ ನೀರಿಲ್ಲವೆಂದು ಎರಡು ಕಾಲುವೆಗೂ ಒಟ್ಟಿಗೇ ನೀರು ಬಿಟ್ಟರು. ಪೈರು ಉಳಿಯಿತು. ಕಾವಲುಗಾರರು ಕಣ್ಣಲ್ಲೇ ಒಳಸಂಚು ಮಾಡಬಾರದೆಂದು ಕಟ್ಟಳೆಯನ್ನು ತಿರುಗಿಸಿದರು: ಇನ್ನು ಮುಂದೆ ಇಬ್ಬರೂ ಬೆನ್ನಿಗೆ ಬೆನ್ನು ಹಾಕಿ ಕೂರಬೇಕು, ಅದಕ್ಕೊಂದು ಕಟ್ಟೆ ಕಟ್ಟಿ, ಪಿಸುಮಾತು ದಾಟದಂತೆ ನಡುವೆ ಆಳೆತ್ತರದ ಚಪ್ಪಡಿ ನಿಲ್ಲಿಸಬೇಕು. ಅಂದಿನಿಂದ ಆ ಜಾಗ ಬೆನ್ನುಕಟ್ಟೆಯಾಯಿತು.

ಚಪ್ಪಡಿ ಈಗಲೂ ಅಲ್ಲೇ ಇದೆ. ಅದರಲ್ಲಿ ಒಂದು ಸಂಗತಿ ಮಾತ್ರ ಫಲಕ ಓದಿ ಹೊರಟುಬಿಡುವವರಿಗೆ ಕಾಣುವುದಿಲ್ಲ. ಕಟ್ಟೆಯ ಮೇಲೆ ಕೂತು ಪಕ್ಕಕ್ಕೆ ಬಗ್ಗಿದವರಿಗೆ ಕಾಣುತ್ತದೆ. ಸೊಂಟದ ಎತ್ತರದಲ್ಲಿ, ಒಂದು ಕೈ ತೂರುವಷ್ಟು ಅಗಲದ ಕಂಡಿ, ಉಳಿಯಿಂದ ಕೊರೆದದ್ದು. ಅದನ್ನು ತೆಲುಗಿನವರು ಕೊರೆದರೆಂದು ಮೂಡಣ ಬೀದಿ, ಕನ್ನಡದವರು ಕೊರೆದರೆಂದು ಪಡುವಣ ಬೀದಿ ಇಂದಿಗೂ ದೂರುತ್ತವೆ. ಕಂಡಿಯ ಅಂಚಿನಲ್ಲಿ, ಎರಡು ಕಡೆಯೂ, ವೀಳ್ಯದೆಲೆಗೆ ಹಚ್ಚುವ ಸುಣ್ಣ ಬೆರಳಿನಿಂದ ಒರೆಸಿ ಒರೆಸಿ ಕಲ್ಲಿಗೇ ಹತ್ತಿಕೊಂಡಿದೆ.