ನೀಲಿ ಬಾನಿಯ ಕೀಲಿಕೈ

"ಗುರುಗಳೇ, ಬೀಗವನ್ನು ಎಷ್ಟು ಹೊತ್ತು ಹಿಡಿದಿರಬೇಕು?"

ಕೇಳಿದವಳು ಶರ್ವಾಣಿ. ಕಂಪ್ಯೂಟರಿನೊಳಗೆ ಬರೀ ತಂತ್ರಾಂಶದಿಂದ ಇನ್ನೊಂದು ಯಂತ್ರ ಕಟ್ಟುವ ವಿದ್ಯೆ ಅವಳದು. ಆ ವರ್ಚುವಲ್ ಮೆಷಿನ್ನಿನಲ್ಲಿ ಹಲವು ಕೆಲಸಗಳು ಒಟ್ಟಿಗೆ ನಡೆಯುತ್ತವೆ. ಒಂದು ಕೂಡಿ ಗುಣಿಸುತ್ತದೆ, ಒಂದು ದೂರದಿಂದ ಬರುವ ಉತ್ತರಕ್ಕೆ ಕಾಯುತ್ತದೆ, ಒಂದು ಯಾರಿಗೂ ಬೇಡವಾದದ್ದನ್ನು ಗುಡಿಸಿ ಜಾಗ ಮಾಡುತ್ತದೆ. ಎಲ್ಲಕ್ಕೂ ನೆನಪಿನ ಉಗ್ರಾಣ ಒಂದೇ. ಎರಡು ಕೆಲಸಗಳು ಒಮ್ಮೆಗೇ ಅದರಲ್ಲಿ ಕೈಯಾಡಿಸಿದರೆ ಒಳಗಿನದೆಲ್ಲ ಕಲಸಿಹೋಗುತ್ತದೆ. ಅದಕ್ಕೇ ಇಡೀ ಉಗ್ರಾಣಕ್ಕೆ ಒಂದು ಬೀಗ. ಬೀಗ ಹಿಡಿದ ಕೆಲಸ ಮಾತ್ರ ಒಳಗಿನದನ್ನು ಮುಟ್ಟಬಹುದು.

ಹಿಂದೊಮ್ಮೆ ಹಾಗೆ ಕಲಸಿಹೋಗಿ ಶರ್ವಾಣಿ ತಿಂಗಳುಗಟ್ಟಲೆ ಒದ್ದಾಡಿದ್ದಳು. ಆ ಭಯಕ್ಕೆ, ಹಿಡಿದ ಬೀಗವನ್ನು ಕೆಲಸ ಪೂರ್ತಿ ಮುಗಿಯುವವರೆಗೆ ಬಿಡಕೂಡದು ಎಂದು ಬರೆದಳು. ಈಗ ಏನೂ ಕಲಸುವುದಿಲ್ಲ. ಯಂತ್ರ ಎರಡು ತಾಸು ಓಡಿ, ಉಗ್ರಾಣ ತುಂಬಿ, ಉಸಿರುಕಟ್ಟಿ ಸಾಯುತ್ತದೆ. ಎರಡು ವರ್ಷದ ದುಡಿಮೆ. ಬಿಟ್ಟೇಬಿಡೋಣ ಎನ್ನುವಷ್ಟು ಸೋತು ಬಂದಿದ್ದಳು.

ಗುರು ಮುರಿಗೆಪ್ಪನವರು ಅವಳ ಮುಖ ನೋಡಿ, "ಕೂತ್ಕೊ ತಾಯಿ" ಎಂದು ಈ ಕತೆ ಹೇಳಿದರು.

ಒಂದೂರಿನಲ್ಲಿ ಆರು ನೀಲಗಾರರ ಮನೆಗಳಿದ್ದವು. ನೂಲಿಗೆ ನೀಲಿ ಹಾಕುವುದು ಅವರ ಕಸುಬು. ಆರು ಮನೆಗೂ ಬಣ್ಣದ ಮನೆ ಒಂದೇ, ಅದರೊಳಗೆ ನೆಲದಲ್ಲಿ ಹೂತ ದೊಡ್ಡ ಮಣ್ಣಿನ ಬಾನಿಯೂ ಒಂದೇ. ನೀಲಿ ಬಾನಿ ಎಂದರೆ ಬರೀ ಬಣ್ಣದ ನೀರಲ್ಲ. ಅದಕ್ಕೆ ಜೀವವಿದೆ, ಜೀವ ಇರುವಷ್ಟು ದಿನ ಮೇಲೆ ನೊರೆ ಇರುತ್ತದೆ. ಹೊತ್ತಿಗೆ ಸರಿಯಾಗಿ ಬೇಯಿಸಿದ ತಗಚೆ ಬೀಜ ಉಣಿಸಬೇಕು, ಹುಳಿ ಏರಿದರೆ ಹದ ನೋಡಿ ಸುಣ್ಣ ಹಾಕಬೇಕು. ತಪ್ಪಿದರೆ ಸಾಯುತ್ತದೆ. ಸತ್ತ ಬಾನಿಯಲ್ಲಿ ನೂಲನ್ನು ವರ್ಷವಿಡೀ ಅದ್ದಿದರೂ ನೂಲು ನೀಲಿಯಾಗುವುದಿಲ್ಲ.

ಹಿಂದೆ ಯಾರು ಬೇಕಾದರೂ ಒಳಗೆ ಹೋಗುತ್ತಿದ್ದರು. ಒಂದು ದಿನ ಒಬ್ಬ ಸುಣ್ಣ ಹಾಕಿ ಆಚೆ ತಿರುಗಿದ. ಅದನ್ನು ಕಾಣದ ಇನ್ನೊಬ್ಬ ಬಂದು ಅಷ್ಟೇ ಸುಣ್ಣ ಹಾಕಿದ. ಬಾನಿ ಸತ್ತಿತು, ಆರು ಮನೆಯ ಒಲೆಯೂ ತಣ್ಣಗಾಯಿತು. ಕೆಟ್ಟ ಮೇಲೆ ಬುದ್ಧಿ ಬಂತು. ಹೊಸ ಬಾನಿ ಕಟ್ಟಿದಾಗ ಹಿರಿಯರು ಬಾಗಿಲಿಗೆ ಬೀಗ ಹಾಕಿ ಒಂದೇ ಕೀಲಿಕೈ ಮಾಡಿಸಿದರು. ಕೀಲಿಕೈ ಇದ್ದವರು ಮಾತ್ರ ಬಾನಿ ಮುಟ್ಟಬೇಕು, ಉಳಿದವರು ಜಗಲಿಯ ಮೇಲೆ ಸರದಿ ಕಾಯಬೇಕು.

ಅವರಲ್ಲಿ ಒಬ್ಬ ನೀಲಗಾರ, ಸತ್ತ ಬಾನಿಯನ್ನು ಕಣ್ಣಾರೆ ಕಂಡವನು. ಬಾನಿಯಿಂದ ಎತ್ತಿದ ನೂಲು ಹಸಿರಾಗಿರುತ್ತದೆ, ಗಾಳಿ ತಾಗಿದ ಮೇಲೆಯೇ ನೀಲಿಯಾಗುವುದು. ಆಮೇಲೆ ಮತ್ತೆ ಅದ್ದಬೇಕು. ಗಾಢ ನೀಲಿಗೆ ಏಳು ಅದ್ದು. ಇವನು ಒಂದೊಂದು ಅದ್ದು ಮುಗಿದಾಗಲೂ ಬಾಗಿಲಿಗೆ ಬೀಗ ಹಾಕಿ, ಕೀಲಿಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡು, ಹೊಳೆದಂಡೆಯಲ್ಲಿ ನೂಲು ಹರಡಿ ಪಕ್ಕದಲ್ಲಿ ಕೂರುತ್ತಿದ್ದ. ಕೆಲಸ ಮಾಡುತ್ತಿದ್ದದ್ದು ಗಾಳಿ. ಇವನು ಸುಮ್ಮನೆ ಕೂತಿರುತ್ತಿದ್ದ, ಒಳಗೆ ಬಾನಿ ಸುಮ್ಮನಿರುತ್ತಿತ್ತು, ಜಗಲಿಯ ಮೇಲೆ ಐದು ಮನೆಯವರು ಆಕಳಿಸುತ್ತಿದ್ದರು. ಬಾನಿಯನ್ನು ತಾನೇ ಕಾಪಾಡುತ್ತಿದ್ದೇನೆ ಎಂದು ಅವನ ನಂಬಿಕೆ. ಪಾಪ, ಕೆಟ್ಟವನಲ್ಲ.

ಬಾನಿಗೆ ಉಣಿಸುವ ಕೆಲಸ ಒಬ್ಬ ಮುದುಕಿಯದು. ಅವಳೂ ಜಗಲಿಯ ಮೇಲೆ ಸರದಿ ಕಾಯುವವಳೇ. ಒಂದು ಮಧ್ಯಾಹ್ನ ಬಾಗಿಲ ಸಂದಿಯಿಂದ ಅವಳ ಮೂಗಿಗೆ ಹುಳಿ ನಾತ ಬಡಿಯಿತು. ಸುಣ್ಣದ ಕುಡಿಕೆ ಹಿಡಿದು ಹೊಳೆದಂಡೆಗೆ ನಡೆದಳು.

"ತಮ್ಮಾ, ಬಾನಿ ಹುಳಿ ಹೊಡೀತೈತೆ. ಕೀಲಿಕೈ ಕೊಡಪ್ಪ, ಸುಣ್ಣ ಹಾಕ್ಬೇಕು."

"ಇನ್ನೂ ಮೂರು ಅದ್ದು ಐತಜ್ಜಿ. ನಡುವೆ ಬಿಟ್ರೆ ಯಾರು ಏನು ಹಾಕ್ತಾರೋ! ಮುಗಿಸಿ ಕೊಡ್ತೀನಿ."

ಮುದುಕಿ ತಿರುಗಿ ಬಂದು ಜಗಲಿಯ ಮೇಲೆ ಕೂತಳು. ಮಡಿಲಲ್ಲಿ ಸುಣ್ಣವಿತ್ತು, ಬೆನ್ನ ಹಿಂದೆ ಬೀಗವಿತ್ತು.

ಐದನೆಯ ಅದ್ದಿಗೆ ನೀಲಗಾರ ಬಂದು ಬಾಗಿಲು ತೆಗೆದ. ಬಾನಿಯ ನೊರೆ ಇಳಿದುಹೋಗಿತ್ತು. ನೂಲು ಅದ್ದಿ ಗಾಳಿಗೆ ಹಿಡಿದ, ಬಣ್ಣ ಏರಲಿಲ್ಲ. ಬೀಗ ಮುರಿದಿರಲಿಲ್ಲ, ಯಾರೂ ಒಳಗೆ ಬಂದಿರಲಿಲ್ಲ. ಅವನ ಕಾವಲಿನಲ್ಲೇ ಬಾನಿ ಸಾಯುತ್ತಿತ್ತು.

ಅವನು ಜಗಲಿಗೆ ಓಡಿ, ಕೀಲಿಕೈಯನ್ನು ಮುದುಕಿಯ ಮಡಿಲಿಗೆ ಹಾಕಿದ. ಅವಳು ಬೈಯಲಿಲ್ಲ. ಒಳಗೆ ಹೋಗಿ ಬಾನಿಯ ಪಕ್ಕ ಕೂತಳು. ಚಿಟಿಕೆ ಚಿಟಿಕೆ ಸುಣ್ಣ ಹಾಕುವುದು, ಮೂಸುವುದು, ನಾಲಿಗೆಗೆ ಹಚ್ಚಿ ನೋಡುವುದು, ಬೆಚ್ಚಗಿನ ತಗಚೆ ಗಂಜಿ ಉಣಿಸಿ ಗೋಣಿ ಮುಚ್ಚುವುದು. ಹೀಗೆ ಮೂರು ದಿನ. ನಾಲ್ಕನೆಯ ದಿನ ಬೆಳಿಗ್ಗೆ ಬಾನಿಯ ಮೇಲೆ ತಾಮ್ರದ ಬಣ್ಣದ ನೊರೆ ಎದ್ದಿತು. ನೀಲಗಾರ ಅವಳ ಕಾಲಿಗೆ ಬಿದ್ದು ಅತ್ತ. ಬೈದಿದ್ದರೆ ತಡೆದುಕೊಳ್ಳುತ್ತಿದ್ದನೋ ಏನೋ. ಆರು ಮನೆಯ ಅನ್ನ ಉಳಿಸಿಕೊಟ್ಟು, ಏನೂ ಆಗದವಳ ಹಾಗೆ ಅವಳು ಕುಡಿಕೆ ತೊಳೆಯುತ್ತಿದ್ದಳು.

ಆಮೇಲೆ ಅವನು ಕೀಲಿಕೈ ಬಿಡಲು ಕಲಿತ. ಮೊದಮೊದಲು ಅತಿಯಾಗಿಯೇ ಕಲಿತ. ಒಂದು ಲಡಿ ನೂಲು ಹಿಂಡಿದರೆ ಸಾಕು, ಜಗಲಿಗೆ ಓಡಿ ಕೀಲಿಕೈ ಕೊಡುವುದು, ಮತ್ತೆ ಸರದಿ ಕಾಯುವುದು. ಮೂಗಿಗಿಂತ ಮೂಗುತಿ ಭಾರವಾಯಿತು. ಇಡೀ ದಿನ ಓಡಾಡಿ ಎರಡು ಅದ್ದೂ ಮುಗಿಯಲಿಲ್ಲ. ಮುದುಕಿ ಹೊಟ್ಟೆ ಹಿಡಿದು ನಕ್ಕಳು.

"ಕೈ ಬಾನೀಲಿ ಇರೋ ತನಕ ಕೀಲಿ ನಿಂದೇ ಕಣಪ್ಪ, ಇಟ್ಕೊ. ನೂಲು ಗಾಳಿಗೆ ಹೋದಾಗ ಕೊಡು. ತಿರುಗಿ ಬಂದಾಗ ಮೊದ್ಲು ಬಾನಿ ನೋಡು, ಆಮೇಲೆ ಅದ್ದು."

ಅಂದಿನಿಂದ ಅವನು ನೂಲು ಹರಡಲು ಹೊರಟಾಗ ಕೀಲಿಕೈಯನ್ನು ಜಗಲಿಗೆ ಕೊಟ್ಟು ಹೋಗುತ್ತಿದ್ದ. ತಿರುಗಿ ಬರುವಷ್ಟರಲ್ಲಿ ಯಾರೋ ಒಂದು ಅದ್ದು ಮುಗಿಸಿರುತ್ತಿದ್ದರು, ಮುದುಕಿ ಬಾನಿಗೆ ಉಣಿಸಿರುತ್ತಿದ್ದಳು. ಮೊದಲು ಬಾನಿ ನೋಡುತ್ತಿದ್ದ. ನೊರೆ ತುಂಬಿರುತ್ತಿತ್ತು. ತಾನಿಲ್ಲದ ಹೊತ್ತಿನಲ್ಲೂ ತನ್ನ ಅನ್ನವನ್ನು ಕಾಯುವವರಿದ್ದಾರೆ ಎಂದು ಅವನಿಗೆ ಪ್ರತಿ ಸಲವೂ ಮನಸ್ಸು ತುಂಬಿ ಬರುತ್ತಿತ್ತು. ಜಗಲಿಯ ಕಡೆ ತಿರುಗಿ ಕೈ ಮುಗಿದೇ ನೂಲು ಅದ್ದುತ್ತಿದ್ದ.

ಕತೆ ಮುಗಿಯಿತು. ಶರ್ವಾಣಿಯ ಕಣ್ಣು ತೇವವಾಗಿತ್ತು. ಅವಳು ಎದ್ದು ಗುರುಗಳಿಗೆ ನಮಸ್ಕರಿಸಿದಳು.

"ತಿಳೀತು ಗುರುಗಳೇ, ನಿಮ್ಮಿಂದ ದೊಡ್ಡ ಉಪಕಾರವಾಯ್ತು. ದೂರದ ಉತ್ತರಕ್ಕೆ ಕಾಯುವಾಗ ಬೀಗ ಬಿಡ್ತೀನಿ, ಉಳಿದವಕ್ಕೂ ಸರದಿ ಬೇಗ ಸಿಗುತ್ತೆ. ಇನ್ನು ಯಂತ್ರ ಉಸಿರುಕಟ್ಟಿ ಸಾಯೋದೊಂದು ಉಳೀತು. ಅದಕ್ಕೆ ಉಗ್ರಾಣವನ್ನೇ ದೊಡ್ಡದು ಮಾಡ್ತೀನಿ."

ಅವಳು ಹೊಸಿಲು ದಾಟುವ ಮೊದಲು ಗುರುಗಳು ಕೇಳಿದರು:

"ನಿನ್ನ ಜಗಲಿ ಮೇಲೆ ಪೊರಕೆ ಹಿಡಿದು ಕೂತಿರೋರು ಯಾರು ತಾಯಿ?"