ಗೆದ್ದವನ ಪೊರಕೆ

ಹೊಳೆ ದಂಡೆಯಲ್ಲಿ ಒಂದು ತಗಡಿನ ಶೆಡ್ಡು. ಒಳಗೆ ಒಬ್ಬ ಗುರು, ಒಂದು ಕಾರು.

ಕಾರಿಗೆ ಒಂದೇ ಸೀಟು. ಚಾವಣಿ ಇಲ್ಲ, ಬಾಗಿಲಿಲ್ಲ, ನಾಲ್ಕು ಚಕ್ರವೂ ಹೊರಗೆ. ಹದಿಹರೆಯದವರ ರೇಸಿಗೆಂದೇ ಮಾಡಿದ್ದು. ಊರವರು ಆ ಶೆಡ್ಡನ್ನು ಆಶ್ರಮ ಎನ್ನುತ್ತಿದ್ದರು. ತಮಾಷೆಗೆ ಶುರುವಾದದ್ದು. ಆಮೇಲೆ ಅಂಚೆಯವನೂ ಹಾಗೇ ಕೇಳಿಕೊಂಡು ಬರತೊಡಗಿದ.

ಗುರುವಿನ ಹೆಸರು ಮುದ್ದಯ್ಯ. ಪ್ರಾಯದಲ್ಲಿ ತಾವೇ ರೇಸ್ ಓಡಿಸಿದವರು. ಶಿಷ್ಯ ಸುಮುಖ, ಹದಿನೇಳು ವರ್ಷದವನು.

ಮೊದಲ ದಿನ ಸುಮುಖ "ಕೋಚ್" ಎಂದು ಕರೆದ. ಮುದ್ದಯ್ಯ ತಿರುಗಲಿಲ್ಲ. "ಸರ್" ಎಂದ. ತಿರುಗಲಿಲ್ಲ. "ಗುರುಗಳೇ" ಎಂದ.

"ಏನು ಮರಿ?" ಎಂದು ತಿರುಗಿದರು.

ವರ್ಷಗಟ್ಟಲೆ ಇಂಜಿನ್ನಿನ ಪಕ್ಕ ನಿಂತು ಅವರ ಕಿವಿ ಮಂದವಾಗಿತ್ತು, ಮೂರನೇ ಸಲ ಹುಡುಗ ಕಿರುಚಿದ, ಅಷ್ಟೇ ಎನ್ನುವವರಿದ್ದಾರೆ. ಇರಲಿ. ಅವರು ಹೇಳುವ ಕಥೆ ಇಷ್ಟು ಚೆನ್ನಾಗಿಲ್ಲ.

ಆ ವರ್ಷದ ಸರಣಿಯಲ್ಲಿ ಐದು ರೇಸು. ಐದರ ಅಂಕವನ್ನೂ ಕೂಡಿಸಿದಾಗ ಮೇಲೆ ಬಂದವನು ಚಾಂಪಿಯನ್. ಅವನಿಗೆ ಮುಂದಿನ ವರ್ಷ ದೊಡ್ಡವರ ಕಾರಿನಲ್ಲಿ ಪುಕ್ಕಟೆ ಜಾಗ. ಉಳಿದವರಿಗೆ ಚಪ್ಪಾಳೆ.

ಹದಿನೆಂಟು ತುಂಬಿದರೆ ಈ ಸರಣಿಯಲ್ಲಿ ಓಡಿಸುವಂತಿಲ್ಲ. ಸುಮುಖನಿಗೆ ಇದೇ ಕೊನೆಯ ವರ್ಷ. ಗೆಲ್ಲದಿದ್ದರೆ ಹೆಲ್ಮೆಟ್ಟು ಅಟ್ಟಕ್ಕೆ.

ಮೊದಲ ರೇಸಿಗೆ ಹೊರಡುವ ಮುನ್ನ ಮುದ್ದಯ್ಯ ಸೀಟಿನ ಕೆಳಗೆ ಒಂದು ಸೀಸದ ಗಟ್ಟಿಯನ್ನು ಬಿಗಿಯುತ್ತಿದ್ದರು.

"ಇದು ಯಾಕೆ ಗುರುಗಳೇ?"

"ನೀನು ಸಣಕಲ. ರೇಸು ಮುಗಿದ ಮೇಲೆ ಕಾರನ್ನೂ ನಿನ್ನನ್ನೂ ಒಟ್ಟಿಗೆ ತೂಗ್ತಾರೆ. ಇಷ್ಟಿರಬೇಕು ಅಂತ ಲೆಕ್ಕ ಇದೆ. ಅದಕ್ಕಿಂತ ಕಡಿಮೆ ಬಂದರೆ ಗೆದ್ದದ್ದೂ ಹೋಯ್ತು."

"ಈಗ ಎಷ್ಟು ಹೆಚ್ಚಿದೆ?"

"ಈ ಗಟ್ಟಿಯಷ್ಟು."

"ಹಾಗಾದ್ರೆ ಇದನ್ನ ಸುಮ್ಮನೆ ಹೊರ್ತಾ ಇದೀನಿ. ತೆಗೀರಿ."

"ಓಡ್ತಾ ಓಡ್ತಾ ಪೆಟ್ರೋಲು ಉರಿಯುತ್ತೆ. ಟೈರು ಸವೆಯುತ್ತೆ. ನೀನು ಬೆವರ್ತೀಯ."

"ತೆಗೀರಿ ಗುರುಗಳೇ. ಹಗುರ ಇದ್ದವನೇ ಮುಂದೆ."

ಮುದ್ದಯ್ಯ ವಾದ ಮಾಡಲಿಲ್ಲ. ಬಿಗಿದದ್ದನ್ನು ಬಿಚ್ಚಿದರು. ಶೆಡ್ಡಿನ ಬಾಗಿಲು ಗಾಳಿಗೆ ಬಡಿಯದ ಹಾಗೆ ಸೀಸವನ್ನು ಅದಕ್ಕೆ ಒತ್ತುಕೊಟ್ಟು ಇಟ್ಟರು.

"ಹಾಗಾದರೆ ಬರುವಾಗ ದಾರಿಯಲ್ಲಿ ಹೆಕ್ಕಿಕೊಂಡು ಬರಬೇಕಾಗ್ತದೆ" ಎಂದರು.

"ಏನನ್ನ?"

ಅದನ್ನು ಅವರು ಟ್ರ್ಯಾಕು ತಲುಪಿದ ಮೇಲೆ ಅವನನ್ನು ನಡೆಸಿಕೊಂಡು ಹೋಗಿ ತೋರಿಸಿದರು.

ಕಾರುಗಳು ಓಡುವ ದಾರಿ ನುಣ್ಣಗಿತ್ತು. ಅದರ ಆಚೆ, ಅಂಚಿನುದ್ದಕ್ಕೂ ಕರಿಯ ರಬ್ಬರಿನ ಚೂರುಗಳು ಬಿದ್ದಿದ್ದವು, ಇಲಿ ಹಿಕ್ಕೆಯ ಹಾಗೆ.

"ಎಲ್ಲರ ಟೈರಿನಿಂದ ಉದುರಿದ್ದು" ಎಂದರು ಮುದ್ದಯ್ಯ. "ರೇಸಿನಲ್ಲಿ ಇದರ ಮೇಲೆ ಹೋದರೆ ಜಾರ್ತೀಯ. ರೇಸು ಮುಗಿದು ಬಾವುಟ ಬಿದ್ದ ಮೇಲೆ ಒಂದು ಸುತ್ತು ನಿಧಾನಕ್ಕೆ ಬರ್ತೀಯಲ್ಲ, ಆಗ ಇದರ ಮೇಲೇ ಬಾ. ಬಿಸಿ ಟೈರಿಗೆ ಅಂಟುತ್ತೆ. ತೂಕ ಕೂಡುತ್ತೆ."

"ಮೋಸ ಅಲ್ವಾ ಇದು?"

"ಟ್ರ್ಯಾಕು ಕೊಟ್ಟದ್ದು ನಡೀತದೆ. ಮನುಷ್ಯರು ಕೊಟ್ಟದ್ದು ನಡೆಯಲ್ಲ."

ಸುಮುಖ ಶೂ ತುದಿಯಿಂದ ಒಂದು ಚೂರನ್ನು ಒದ್ದ.

"ಗೆದ್ದ ಮೇಲೂ ಕಸದ ಮೇಲೆ ಬರಬೇಕಾ ಗುರುಗಳೇ?"

"ಗೆದ್ದವನೇ ಗುಡಿಸಿಕೊಂಡು ಬರಬೇಕು ಮರಿ. ಸೋತವರ ತೂಕ ಯಾರಿಗೆ ಬೇಕು?"

ಆ ರೇಸಿನಲ್ಲಿ ಸುಮುಖ ಎರಡನೆಯವನಾಗಿ ಬಂದ. ಬಾವುಟ ದಾಟಿದ್ದೇ ಪಕ್ಕದ ಮೋಟುಗೋಡೆಯ ಕಡೆ ನೋಡಿದ.

ಬೇರೆ ಗುರುಗಳೆಲ್ಲ ಅಲ್ಲಿ ನಿಂತು ತಮ್ಮ ಹುಡುಗರಿಗೆ ಸೂಚನೆಯ ಹಲಗೆ ಹಿಡಿದಿದ್ದರು, ಅಂಕಿ ಅಕ್ಷರ ಬರೆದದ್ದು. ಮುದ್ದಯ್ಯ ತೆಂಗಿನ ಕಡ್ಡಿಯ ಪೊರಕೆ ಹಿಡಿದಿದ್ದರು.

ನಿಜವಾದ ಪೊರಕೆ. ತಲೆಯ ಮೇಲೆತ್ತಿ ಆಡಿಸುತ್ತಿದ್ದರು.

ಸುಮುಖನಿಗೆ ಅರ್ಥವಾಯಿತು. ಹೆಲ್ಮೆಟ್ಟಿನೊಳಗೆ ಮುಖ ಕೆಂಪಾಯಿತು. ಆದರೂ ಅಂಚಿಗೆ ಇಳಿದು ಕಸದ ಮೇಲೇ ಬಂದ. ತೂಕ ಕೂದಲೆಳೆಯಲ್ಲಿ ಸರಿಹೋಯಿತು.

"ಏನ್ ತಾತ, ಇವತ್ತು ರೇಸೋ, ಸ್ವಚ್ಛತಾ ಆಂದೋಲನವೋ?" ಎಂದು ಪಕ್ಕದ ಟೀಮಿನವರು ಕೇಳಿದರು. "ಹಾಗೇ ನಮ್ಮ ಜಾಗಾನೂ ಒಂದು ಕೈ ಗುಡಿಸಿಬಿಡಿ."

ಮುದ್ದಯ್ಯ ಹೋಗಿ ಅವರ ಜಾಗವನ್ನೂ ಗುಡಿಸಿ ಬಂದರು. ಆಮೇಲೆ ಯಾರೂ ನಗಲಿಲ್ಲ. ಸುಮುಖನಿಗೆ ಅದು ಇನ್ನೂ ಅವಮಾನವಾಯಿತು.

"ಒಂದು ಹಲಗೆ ಬರೆಸೋಣ ಗುರುಗಳೇ."

"ಹಲಗೆ ಆದರೆ ಓದಬೇಕು. ಪೊರಕೆಯನ್ನ ಓದಬೇಕಾಗಿಲ್ಲ."

ಅವರು ಹಳೆಯ ಚಾಕುವಿನಿಂದ ಟೈರಿಗೆ ಅಂಟಿದ ರಬ್ಬರನ್ನು ಕೆರೆದು ಒಂದು ಡಬ್ಬಿಗೆ ಹಾಕಿದರು. ಡಬ್ಬಿಯನ್ನು ಅವನ ಮುಂದೆ ಹಿಡಿದರು.

"ಇದರಲ್ಲಿ ನಿನ್ನದೆಷ್ಟು?"

"ಎಲ್ಲಾ ನಂದೇ. ನನ್ನ ಟೈರಲ್ಲಿ ಇದ್ದದ್ದಲ್ವಾ?"

ಮುದ್ದಯ್ಯ ಡಬ್ಬಿಯ ಮುಚ್ಚಳ ಹಾಕಿದರು.

ಆ ದಿನ ಗೆದ್ದವನು ಲ್ಯಾನ್ಸನ್, ಮಂಗಳೂರು ಕಡೆಯ ಹುಡುಗ. ಬಾಯಿ ಜೋರು, ಕೈ ಅದಕ್ಕಿಂತ ಜೋರು. ಎರಡನೇ ರೇಸನ್ನು ಸುಮುಖ ಗೆದ್ದ. ಮೂರನೆಯದು ಲ್ಯಾನ್ಸನ್. ನಾಲ್ಕನೆಯದು ಮತ್ತೆ ಸುಮುಖ. ಅಂಕದಲ್ಲಿ ಲ್ಯಾನ್ಸನ್ ಒಂದು ಗೇಣು ಮುಂದೆ; ಕೊನೆಯ ರೇಸು ಗೆದ್ದರಷ್ಟೇ ತುಂಬುವ ಗೇಣು.

ಪ್ರತಿ ರೇಸಿನ ಕೊನೆಗೂ ಪೊರಕೆ ಏಳುತ್ತಿತ್ತು. ಪ್ರತಿ ಸಲವೂ ಡಬ್ಬಿ ಮುಂದೆ ಬರುತ್ತಿತ್ತು.

"ಇದರಲ್ಲಿ ನಿನ್ನದೆಷ್ಟು?"

"ಅರ್ಧ?" ಎಂದ ಒಂದು ಸಲ.

"ಎಲ್ಲರದ್ದೂ ಒಂದೇ ಕಂಪನಿ ಟೈರು ಗುರುಗಳೇ, ಬೇರೆ ಮಾಡಕ್ಕಾಗಲ್ಲ" ಎಂದ ಇನ್ನೊಂದು ಸಲ.

ಪ್ರತಿ ಸಲವೂ ಮುಚ್ಚಳ ಬಿತ್ತು.

ಐದನೇ ರೇಸು ಒಂದು ಭಾನುವಾರ. ಹಿಂದಿನ ದಿನದ ಅಭ್ಯಾಸಕ್ಕೆ ಇಳಿಯುವ ಮೊದಲು ಲ್ಯಾನ್ಸನ್ ಹೆಲ್ಮೆಟ್ಟು ಹಿಡಿದುಕೊಂಡು ಬಂದ.

"ಏನೋ ಪೊರಕೆ ಶಿಷ್ಯ, ನಾಳೆ ಆ ಕೊನೇ ತಿರುವಲ್ಲಿ ಚೆನ್ನಾಗಿ ಗುಡಿಸು ಆಯ್ತಾ? ನನ್ನ ಅರ್ಧ ಟೈರು ಅಲ್ಲೇ ಬಿಟ್ಟಿರ್ತೇನೆ."

"ನೀನೇ ಗುಡಿಸ್ಕೋ."

"ಗೆದ್ದರೆ ನಾನೇ ಗುಡಿಸ್ತೇನೆ ಮಾರಾಯ. ಪೊರಕೆ ಸಾಲ ಕೊಡು."

ಸುಮುಖ ನಗಲಿಲ್ಲ. ಲ್ಯಾನ್ಸನ್ ನಗುತ್ತಲೇ ಹೋಗಿ ಕಾರು ಹತ್ತಿದ.

ಆ ಅಭ್ಯಾಸದಲ್ಲಿ, ಆ ಕೊನೆಯ ತಿರುವಿನಲ್ಲೇ ಅವನ ಕಾರು ಜಾರಿತು. ಟೈರು ಪೇರಿಸಿದ ಗೋಡೆಗೆ ನೇರ ಹೋಗಿ ಬಡಿಯಿತು.

ಅವನನ್ನು ಹೊರಗೆ ತೆಗೆಯುವಾಗ ಟ್ರ್ಯಾಕಿನಲ್ಲಿ ಒಂದು ಇಂಜಿನ್ನೂ ಸದ್ದು ಮಾಡುತ್ತಿರಲಿಲ್ಲ. ಜೀವಕ್ಕೆ ಅಪಾಯವಿಲ್ಲ ಎಂದರು. ಬಲಗಾಲು ಎರಡು ಕಡೆ ಮುರಿದಿತ್ತು.

ಲೆಕ್ಕ ಎಲ್ಲರಿಗೂ ಗೊತ್ತಾಯಿತು. ಲ್ಯಾನ್ಸನ್ ನಾಳೆ ಓಡುವುದಿಲ್ಲ. ಸುಮುಖ ಮೊದಲನೆಯವನಾಗಿ ಬಂದರೆ ಸುಮುಖ ಚಾಂಪಿಯನ್. ಬಾರದಿದ್ದರೆ, ಹಾಸಿಗೆಯಲ್ಲಿ ಮಲಗಿದ್ದರೂ, ಲ್ಯಾನ್ಸನ್.

ಸಂಜೆ ಮುದ್ದಯ್ಯ ಚಪ್ಪಲಿ ಮೆಟ್ಟಿಕೊಂಡರು.

"ಆಸ್ಪತ್ರೆಗೆ ಹೋಗಿ ನೋಡಿಕೊಂಡು ಬರೋಣವಾ?"

"ರೇಸ್ ಮುಗೀಲಿ ಗುರುಗಳೇ. ಈಗ ನೋಡಿದರೆ ಮನಸ್ಸು ಕೆಡುತ್ತೆ."

"ಸರಿ" ಎಂದು ಚಪ್ಪಲಿ ಬಿಟ್ಟರು.

ಭಾನುವಾರ ಬೆಳಿಗ್ಗೆ ಸುಮುಖ ಅವರ ಹತ್ತಿರ ಬಂದು ನಿಂತ.

"ಗುರುಗಳೇ, ಇವತ್ತು ಟಿವಿಯವರು ಬರ್ತಾರೆ."

"ಬರಲಿ."

"ನೀವು ಆ ಪೊರಕೆ..."

"ಬೇಡವಾ?"

"ನನಗೆ ನೆನಪಿರುತ್ತೆ ಗುರುಗಳೇ. ನಾಲ್ಕು ರೇಸ್ ಮಾಡಿದೀನಲ್ಲ."

"ಸೀಸ ತಂದಿದ್ದೇನೆ. ಹಾಕಲಾ?"

"ಅದೂ ಬೇಡ."

"ಸರಿ."

ಪೊರಕೆಯನ್ನು ವ್ಯಾನಿನೊಳಗೆ ಸೀಸದ ಪಕ್ಕ ಮಲಗಿಸಿದರು. ಬಾಗಿಲು ಹಾಕಿದರು.

ಆ ದಿನ ನೋಡಲು ಐವತ್ತು ಸಾವಿರ ಜನ ಸೇರಿದ್ದರು. ಈ ಸಂಖ್ಯೆ ನಾನು ಹೇಳಿದಾಗಲೆಲ್ಲ ಸ್ವಲ್ಪ ಬೆಳೆಯುತ್ತದೆ. ಐನೂರಕ್ಕೆ ಕಡಿಮೆಯಂತೂ ಇರಲಿಲ್ಲ.

ಆದರೆ ಅವನು ಓಡಿಸಿದ್ದನ್ನು ಬೆಳೆಸಬೇಕಾಗಿಲ್ಲ. ಹಾಗೆ ಅವನು ಹಿಂದೆಂದೂ ಓಡಿಸಿರಲಿಲ್ಲ. ಮೊದಲ ತಿರುವಿನಲ್ಲೇ ಮುಂದೆ ಹೋದ. ಆಮೇಲೆ ಉಳಿದವರೆಲ್ಲ ನೋಡಿದ್ದು ಅವನ ಬೆನ್ನನ್ನೇ.

ಬಾವುಟ ಬಿತ್ತು.

ಮುದ್ದಯ್ಯ ಗೋಡೆಯ ಪಕ್ಕ ನಿಂತಿದ್ದರು. ಕೈ ಖಾಲಿ. ಸುಮುಖ ಆ ಖಾಲಿ ಕೈಗಳ ಕಡೆ ಮುಷ್ಟಿ ಎತ್ತಿ ಆಡಿಸಿದ.

ಆಮೇಲಿನ ಸುತ್ತನ್ನು ನುಣುಪು ದಾರಿಯಲ್ಲೇ ಬಂದ. ಒಂದು ಕೈ ಮೇಲಿತ್ತು. ಜನರಿದ್ದ ಕಡೆ ನಿಧಾನ ಮಾಡಿದ, ಕ್ಯಾಮೆರಾ ಇದ್ದ ಕಡೆ ಇನ್ನೂ ನಿಧಾನ ಮಾಡಿದ. ಕೊನೆಯ ತಿರುವನ್ನು ಅಂಚು ಮುಟ್ಟದೆ ದಾಟಿದ.

ಕಾರು ತೂಕಕ್ಕೆ ನಿಂತಿತು. ಅಧಿಕಾರಿ ಒಮ್ಮೆ ನೋಡಿದರು. ಕಾರನ್ನು ಕೆಳಗಿಳಿಸಿ ಮತ್ತೆ ಹತ್ತಿಸಿ ಇನ್ನೊಮ್ಮೆ ನೋಡಿದರು.

"ಮುನ್ನೂರು ಗ್ರಾಂ ಕಡಿಮೆ ಇದೆಯಪ್ಪ."

ಸುಮುಖನಿಗೆ ಆಗ ನೆನಪಾಯಿತು.

"ಒಂದೂವರೆ ಲೋಟ ನೀರು ಸರ್ ಅದು! ಕುಡಿದು ಬಂದು ನಿಲ್ತೀನಿ."

"ಬಾವುಟ ಬಿದ್ದ ಮೇಲೆ ಯಾರೂ ಏನೂ ಕೊಡೋ ಹಾಗಿಲ್ಲ."

"ಸರ್, ನಾನೇ ಮೊದಲು ಬಂದದ್ದು. ನೀವೇ ನೋಡಿದಿರಲ್ಲ."

"ನೋಡಿದೆ" ಎಂದರು ಅಧಿಕಾರಿ. ಅವರ ದನಿಯೂ ತಗ್ಗಿತ್ತು. "ತುಂಬಾ ಚೆನ್ನಾಗಿ ಓಡಿಸಿದೆ. ಕೆಳಗಿಳಿ."

ಧ್ವನಿವರ್ಧಕದಲ್ಲಿ ಹೆಸರು ಬದಲಾಯಿತು. ಸರಣಿಯ ಚಾಂಪಿಯನ್, ಲ್ಯಾನ್ಸನ್.

ಮುದ್ದಯ್ಯ ವ್ಯಾನಿನ ಬಾಗಿಲು ತೆರೆದಾಗ ಸುಮುಖ ಒಳಗೆ ಮಂಡಿಯ ನಡುವೆ ತಲೆಯಿಟ್ಟು ಕೂತಿದ್ದ.

"ನಿಮಗೆ ಗೊತ್ತಿತ್ತು" ಎಂದ ತಲೆ ಎತ್ತದೆ. "ನಾನು ಮರೆತದ್ದು ನಿಮಗೆ ಕಾಣ್ತಾ ಇತ್ತು."

"ಕಾಣ್ತಾ ಇತ್ತು."

"ಓಡಿ ಬಂದು ಪೊರಕೆ ಎತ್ತಬಹುದಿತ್ತು."

"ಎತ್ತಬಹುದಿತ್ತು."

"ಮತ್ತೆ ಯಾಕೆ ಎತ್ತಲಿಲ್ಲ?"

ಮುದ್ದಯ್ಯ ಸೀಸದ ಪಕ್ಕದಿಂದ ಪೊರಕೆಯನ್ನು ಎಳೆದುಕೊಂಡರು.

"ನೆನಪಿರುತ್ತೆ ಅಂದೆಯಲ್ಲ ಮರಿ. ಕೊನೇ ತಿರುವಿನ ತನಕ ನಂಬಿದ್ದೆ."

ಅವರ ದನಿ ಒಡೆದಿತ್ತು. ಸುಮುಖ ತಲೆ ಎತ್ತಿದ. ಅಷ್ಟರಲ್ಲಿ ಅವರು ಪೊರಕೆ ಮತ್ತು ಡಬ್ಬಿ ತೆಗೆದುಕೊಂಡು ಹೊರಟಿದ್ದರು.

ಜನ ಕರಗಿದರು. ಶಾಮಿಯಾನ ಇಳಿಯಿತು. ಮುದ್ದಯ್ಯ ಮರಳಿ ಬರಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಸುಮುಖ ಹುಡುಕಿಕೊಂಡು ಹೊರಟ. ಖಾಲಿ ಟ್ರ್ಯಾಕಿನ ಮೇಲೆ ನಡೆದ. ಕಾರಿನಲ್ಲಿ ಕಣ್ಣುಮುಚ್ಚಿ ತೆಗೆಯುವಷ್ಟರಲ್ಲಿ ಮುಗಿಯುವ ದಾರಿ ಕಾಲಿಗೆ ಮುಗಿಯುತ್ತಿರಲಿಲ್ಲ.

ಕೊನೆಯ ತಿರುವಿನಲ್ಲಿ ಗುರುಗಳು ಬೆನ್ನು ಬಗ್ಗಿಸಿ ಅಂಚನ್ನು ಗುಡಿಸುತ್ತಿದ್ದರು. ಟೈರಿನ ಗೋಡೆಯ ಮೇಲೆ ಲ್ಯಾನ್ಸನ್‌ನ ಕಾರಿನ ನೀಲಿ ಬಣ್ಣ ಇನ್ನೂ ಹತ್ತಿಕೊಂಡಿತ್ತು.

"ಎಲ್ಲಾ ಮುಗೀತಲ್ಲ ಗುರುಗಳೇ. ಈಗ ಎಷ್ಟು ಗುಡಿಸಿದರೂ ನನ್ನ ತೂಕ ಕೂಡಲ್ಲ."

"ನಿನಗಲ್ಲ" ಎಂದರು. ಗುಡಿಸುತ್ತಲೇ ಇದ್ದರು.

ಸುಮುಖ ನೋಡುತ್ತಾ ನಿಂತ. ಆಮೇಲೆ ಮಂಡಿಯೂರಿ, ಪೊರಕೆಗೆ ಸಿಕ್ಕದ ಚೂರುಗಳನ್ನು ಕೈಯಲ್ಲೇ ಹೆಕ್ಕತೊಡಗಿದ. ಕೆಲವು ಇವತ್ತಿನವು, ಕೆಲವು ನಿನ್ನೆಯವು. ಅಂಗೈ ಕಪ್ಪಾಯಿತು.

"ಇದರಲ್ಲಿ ನನ್ನದು ಯಾವುದು ಅಂತ ಗೊತ್ತಾಗಲ್ಲ ಗುರುಗಳೇ" ಎಂದ.

ಮೊದಲ ಸಲ ಮುದ್ದಯ್ಯ ಡಬ್ಬಿಯನ್ನು ಮುಚ್ಚಲಿಲ್ಲ. ಅವನ ಕಡೆ ಚಾಚಿದರು. ಅವನು ಬೊಗಸೆಯಲ್ಲಿದ್ದದ್ದನ್ನು ಅದಕ್ಕೆ ಸುರಿದ. ಡಬ್ಬಿ ತುಂಬಿತು.

"ಇದು ಯಾರಿಗೆ?"

ಮುದ್ದಯ್ಯ ಸೊಂಟಕ್ಕೆ ಕೈಕೊಟ್ಟು ನೆಟ್ಟಗಾದರು. ಡಬ್ಬಿಯನ್ನು ಅವನ ಕೈಯಲ್ಲಿಟ್ಟರು.

"ಗೆದ್ದವನು ಗುಡಿಸಿಕೊಂಡು ಬರಬೇಕು ಮರಿ. ಅವನ ಕಾಲು ಮುರಿದಿದೆ. ನೀನು ಹೋಗಿ ತಲುಪಿಸು."