ನಾಗಸ್ವರದ ಪಕ್ಕ ಮೋರ್ಸಿಂಗ್

"ನಾಗಸ್ವರದ ಜೊತೆ ಮೋರ್ಸಿಂಗ್ ಕೇಳಿಸೋ ಹಾಗೆ ಮಾಡೋದು ಹೇಗೆ ಮೇಷ್ಟ್ರೇ?" ಅಂತ ಕೇಳಿದ್ಲು ವನಮಾಲ.

ನಾಗಸ್ವರ, ಜಲತರಂಗ, ಹಲ್ಲಿಗೆ ಹಿಡಿದು ಮೀಟೋ ಮೋರ್ಸಿಂಗ್, ಮೂರಕ್ಕೂ ಸೇರಿಸಿ ಅವಳೊಂದು ರಚನೆ ಕಟ್ಟಿದ್ಲು. ನಾಳೆ ಮೇಷ್ಟ್ರ ನಡುಮನೇಲೇ ಅದರ ಕಚೇರಿ. ಇವತ್ತು ಅಭ್ಯಾಸದ ಮಧ್ಯೆ ಮೋರ್ಸಿಂಗಿನ ತಿಪ್ಪಣ್ಣ ಎದ್ದುಬಿಟ್ಟಿದ್ದ. "ನನ್ನ ಸದ್ದು ನನಗೇ ಕೇಳಿಸ್ತಿಲ್ಲ ತಾಯಿ. ಯಾರ ಬಾಯಿಗಾದ್ರೂ ಒಂದು ಬೀಗದಕೈ ಕಚ್ಚಿಸಿ ಕೂರಿಸಿಕೊಳ್ಳಿ" ಅಂದು ಹೊರಟೇಹೋಗಿದ್ದ. ಅವನಿಲ್ಲದೆ ಕಚೇರಿ ಇಲ್ಲ.

ಸೂರಪ್ಪ ಮೇಷ್ಟ್ರು ಬಾಯಲ್ಲಿದ್ದ ಎಲೆಅಡಿಕೆ ಉಗಿದು ಬಂದು ಕೂತರು. "ಕೇಳು. ಈ ಸಲ ಒಂದಕ್ಷರ ಸುಳ್ಳಿಲ್ಲ, ತಂಬೂರಿ ಮುಟ್ಟಿ ಹೇಳ್ತೀನಿ.

ಒಬ್ಬ ವ್ಯಾಪಾರಿ ಇದ್ದ. ಮೂರು ಜನ ಅಳಿಯಂದಿರು. ಒಬ್ಬನದು ನಾಗಸ್ವರ, ಒಬ್ಬನದು ಜಲತರಂಗ, ಕಿರಿಯವನದು ಮೋರ್ಸಿಂಗ್. ಯಾವ ಅಳಿಯನ ವಾದ್ಯ ಬಿಟ್ಟರೂ ಅವನ ಹೆಂಡತಿ ತವರಿಗೆ ಕಾಲಿಡಲ್ಲ. ವ್ಯಾಪಾರಿ ಒಬ್ಬ ಸಂಗೀತಗಾರನ್ನ ಕರೆಸಿ, ಮೂವರಿಗೂ ಸೇರಿಸಿ ಒಂದು ರಚನೆ ಕಟ್ಟಿಕೊಡಪ್ಪಾ ಅಂದ. ಅವನು ಕಟ್ಟಿದ.

ಮೊದಲನೇ ದಿನ ನಾಗಸ್ವರ ಊದಿದ ಏಟಿಗೆ ಜಲತರಂಗದ ಬಟ್ಟಲಿಂದ ನೀರು ಹಾರಿಹೋಯ್ತು. ನೀರು ಇಳಿದ ಹಾಗೆ ಸ್ವರ ಏರ್ತಾ ಏರ್ತಾ ಅಟ್ಟ ಸೇರ್ತು. ಮೋರ್ಸಿಂಗ್ ಇದೆಯೋ ಇಲ್ಲವೋ, ದೇವರೇ ಬಲ್ಲ. ಕಿರಿಮಗಳು ಗಂಟುಮೂಟೆ ಕಟ್ಟಿದಳು.

ಎರಡನೇ ದಿನ ನಾಗಸ್ವರದ ಬಾಯಿಗೆ ಶಾಲು ತುರುಕಿದರು. ಊದಿದ. ಶಾಲು ಹಾರಿಹೋಗಿ ವ್ಯಾಪಾರಿ ತಲೆ ಮೇಲೆ ಪೇಟ ಆಗಿ ಕೂತ್ಕೊಳ್ತು. ಜರಿ ಅಂಚು ಹೊರಗೇ ಬಂದಿತ್ತು!"

ವನಮಾಲ ತುಟಿ ಕಚ್ಚಿ ನಗು ತಡೆದಳು.

"ಮೂರನೇ ದಿನ ನಾಗಸ್ವರದೋನು ತುದಿಗೆ ಸಿಕ್ಕಿಸಿ ಊದೋ ಪೀಪಿ ಒಣಗ್ತು. ಕಿತ್ತು ಬಾಯಲ್ಲಿಟ್ಟು ನೆನೆಸ್ತಾ ಕೂತ. ಆಗ ಕಿರಿಯಳಿಯ ಮೋರ್ಸಿಂಗ್ ಹಲ್ಲಿಗೆ ಹಿಡಿದು ಸುಮ್ಮನೆ ಮೀಟಿದ. ಮನೆಯೋರೆಲ್ಲ ಅವನ ಕಡೆ ಬಾಗಿದರು. ಸಂಗೀತಗಾರ ಹಳೇ ಹಾಳೆ ಹರಿದು, ಪೀಪಿ ನೆನೆಯೋ ಹೊತ್ತನ್ನೆಲ್ಲ ಮೋರ್ಸಿಂಗಿಗೆ ಬರೆದ. ಎಂಥಾ ನಿಶ್ಶಬ್ದ ಅಂತೀಯ! ಗೋಡೆ ಮೇಲೆ ಇರುವೆ ನಡೆಯೋದು ಕೇಳಿಸ್ತು. ಐದು ಕಾಲು ತಾಳಕ್ಕೆ ಬೀಳ್ತಿತ್ತು, ಆರನೇದು ಕುಂಟ್ತಿತ್ತು."

"ಸಿಕ್ಕಿಬಿದ್ರಿ ಮೇಷ್ಟ್ರೇ!" ವನಮಾಲ ಚಪ್ಪಾಳೆ ತಟ್ಟಿ ನಕ್ಕಳು. "ಇರುವೆ ಕುಂಟೋದು ಕಿವಿಗೆ ಕೇಳುತ್ತಾ? ಹಸಿ ಸುಳ್ಳು!"

"ಸುಳ್ಳೇ ಅನ್ಕೋ, ನಿನ್ನ ನಾಗಸ್ವರದೋನು ಪೀಪಿ ನೆನೆಸೋಕೆ ಎಲ್ಲಿ ಜಾಗ ಬಿಟ್ಟಿದ್ದೀಯ, ತೋರಿಸು."

ವನಮಾಲ ನಗು ನಿಲ್ಲಿಸಿ, ತನ್ನ ಹಾಳೆ ಬಿಚ್ಚಿ ನಾಗಸ್ವರದ ಸಾಲುಗಳಲ್ಲಿ ಬಿಡುವು ಹುಡುಕಿದಳು; ಒಂದೂ ಇರಲಿಲ್ಲ.